ಭ್ರಮೆಯ ಖರ್ಚು ಯಾರ ಲೆಕ್ಕಕ್ಕೆ?

ಇತ್ತೀಚಿನ ವರ್ಷಗಳಲ್ಲಿ ನಮ್ಮ ಸಿನಿಮಾಗಳಿಗೂ ವೆಬ್ ಸರಣಿಗಳಿಗೂ ಒಂದು ಚಾಳಿ ಅಂಟಿಕೊಂಡಿದೆ. ಎರಡು ಗಂಟೆ ನಮ್ಮನ್ನು ಒಂದು ಲೋಕದಲ್ಲಿ ಓಡಾಡಿಸಿ, ಕೊನೆಯ ಹತ್ತು ನಿಮಿಷದಲ್ಲಿ ಇದೆಲ್ಲ ನಾಯಕನ ತಲೆಯೊಳಗೆ ನಡೆದದ್ದು ಎಂದು ಹೇಳಿ ಕೈತೊಳೆದುಕೊಳ್ಳುವ ಚಾಳಿ. ಅವನ ಜೊತೆಗಿದ್ದ ಗೆಳೆಯ ಸತ್ತು ಎಷ್ಟೋ ಕಾಲವಾಗಿರುತ್ತದೆ; ಅವನು ಪ್ರೀತಿಸಿದ ಹುಡುಗಿ ಹುಟ್ಟಿಯೇ ಇರುವುದಿಲ್ಲ. ದಾವಣಗೆರೆಯಲ್ಲೋ ನಮ್ಮ ಚಿತ್ರದುರ್ಗದಲ್ಲೋ ಟಾಕೀಸಿನಿಂದ ಹೊರಬಿದ್ದ ಹುಡುಗರು ಚಹಾ ಅಂಗಡಿಯ ಮುಂದೆ ನಿಂತು, "ನಂಗೆ ಇಂಟರ್‌ವಲ್‌ನಾಗೇ ಡೌಟ್ ಬಂದಿತ್ತು ಕಣೋ" ಎಂದು ವಾದಿಸುತ್ತಿರುತ್ತಾರೆ. ಒಗಟು ಬಿಡಿಸಿದ ಸಂತೋಷವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅಂಥ ಚಿತ್ರವನ್ನು ಎರಡನೆಯ ಸಲ ನೋಡಲು ಕುಳಿತರೆ ಅಲ್ಲಿ ಪಾತ್ರವೆಂಬುದು ಇರುವುದೇ ಇಲ್ಲ, ಬರೀ ಕೀಲಿಕೈ ಇರುತ್ತದೆ.

ಭ್ರಮೆಗೂ ವಾಸ್ತವಕ್ಕೂ ನಡುವೆ ಸಿಕ್ಕಿಬಿದ್ದವನನ್ನು ಕುರಿತು, ಅವನು ಕಂಡದ್ದು ನಿಜವೋ ಸುಳ್ಳೋ ಎಂದು ಕೇಳುವುದು ಪೊಲೀಸ್ ಠಾಣೆಯ ಕೆಲಸ. ಕಥೆ ಹೇಳುವವರು ಕೇಳಬೇಕಾದ ಪ್ರಶ್ನೆಗಳೇ ಬೇರೆ ಇವೆ ಎಂದು ನನ್ನ ಭಾವನೆ: ಆ ಭ್ರಮೆಯನ್ನು ಅವನ ಕೈಗೆ ಕೊಟ್ಟವರು ಯಾರು, ಅದರಿಂದ ಅನುಕೂಲವಾದದ್ದು ಯಾರಿಗೆ, ಅದರ ಖರ್ಚು ಕೊನೆಗೆ ಯಾರ ಲೆಕ್ಕಕ್ಕೆ ಬೀಳುತ್ತದೆ? ಕನ್ನಡದ ಒಳ್ಳೆಯ ಕೃತಿಗಳು ಈ ಪ್ರಶ್ನೆಗಳನ್ನು ಬಹಳ ಹಿಂದೆಯೇ ಕೇಳಿವೆ, ಅದೂ ಯಾವ ಗದ್ದಲವಿಲ್ಲದೆ.

ತ್ರಿವೇಣಿಯವರ 'ಶರಪಂಜರ'ವನ್ನೇ ತೆಗೆದುಕೊಳ್ಳೋಣ. ಮನಶ್ಶಾಸ್ತ್ರವನ್ನು ಕಾಲೇಜಿನಲ್ಲಿ ಓದಿದ್ದ ತ್ರಿವೇಣಿಯವರು, ಮನಸ್ಸಿನ ಕಾಯಿಲೆಯನ್ನು ದೆವ್ವವೆಂದೋ ಕರ್ಮವೆಂದೋ ಹೇಳಿ ಮುಗಿಸುತ್ತಿದ್ದ ಕಾಲದಲ್ಲಿ, ಅದನ್ನು ಕಾಯಿಲೆಯೆಂದೇ ಕರೆದು ಕಾದಂಬರಿ ಬರೆದವರು. 1963ರಲ್ಲಿ, ಇನ್ನೂ ಬರೆಯುವ ವಯಸ್ಸಿನಲ್ಲಿಯೇ, ಅವರು ತೀರಿಕೊಂಡರು. ಪುಟ್ಟಣ್ಣ ಕಣಗಾಲ್ 1971ರಲ್ಲಿ ಆ ಕಾದಂಬರಿಯನ್ನು ಸಿನಿಮಾ ಮಾಡಿದಾಗ ಕಾವೇರಿಯ ಪಾತ್ರದಲ್ಲಿ ಕಲ್ಪನಾ ಅಭಿನಯಿಸಿದರು. ಆ ಚಿತ್ರವೆಂದರೆ ಬಹಳ ಜನರಿಗೆ ನೆನಪಾಗುವುದು ಕಲ್ಪನಾ ಅವರ ಹುಚ್ಚಿನ ಅಭಿನಯ. ಶಾಲಾ ಕಾಲೇಜುಗಳ ವಾರ್ಷಿಕೋತ್ಸವದಲ್ಲಿ ಮಿಮಿಕ್ರಿ ಮಾಡುವವರೂ ಅದನ್ನೇ ಮಾಡುತ್ತಾರೆ. ನನಗೆ ಮಾತ್ರ ಕಾವೇರಿ ಗುಣವಾಗಿ ಆಸ್ಪತ್ರೆಯಿಂದ ಮನೆಗೆ ಬಂದ ನಂತರದ ಭಾಗವೇ ಮುಖ್ಯವಾಗಿ ಕಾಣುತ್ತದೆ. ಆಗ ಅವಳಿಗೆ ಯಾವ ಭ್ರಮೆಯೂ ಇಲ್ಲ. ಅವಳು ಗಂಡನನ್ನು ಗಂಡನೆಂದೇ, ಮಕ್ಕಳನ್ನು ಮಕ್ಕಳೆಂದೇ, ಮನೆಯನ್ನು ಮನೆಯೆಂದೇ ಕಾಣುತ್ತಾಳೆ. ಆದರೆ ಅವಳ ಸುತ್ತಲಿನವರು ಅವಳನ್ನು ಕಾಣುವುದಿಲ್ಲ, ಅವಳ ಹಳೆಯ ಕಾಯಿಲೆಯನ್ನು ಮಾತ್ರ ಕಾಣುತ್ತಾರೆ. ಬೇರೆ ಹೆಂಗಸು ನಕ್ಕರೆ ಅದು ನಗು, ಕಾವೇರಿ ನಕ್ಕರೆ ಅದು ಲಕ್ಷಣ. ಬೇರೆಯವಳು ಗಂಡನ ನಡತೆಯನ್ನು ಪ್ರಶ್ನಿಸಿದರೆ ಜಗಳ, ಇವಳು ಪ್ರಶ್ನಿಸಿದರೆ ಮತ್ತೆ ಶುರುವಾಯಿತೆಂದು ಅರ್ಥ. ಇನ್ನೊಬ್ಬ ಹೆಣ್ಣಿನ ಜೊತೆ ಗಂಡನಿಗಿರುವ ಸಂಬಂಧ ಅವಳ ಅನುಮಾನವಾಗಿರದೆ ನಿಜವೇ ಆಗಿರುವುದರಿಂದ, ಆ ಮನೆಯಲ್ಲಿ ಸತ್ಯವನ್ನು ಕಂಡವಳು ಒಬ್ಬಳೇ, ಮತ್ತು ಹುಚ್ಚಿಯೆಂಬ ಹೆಸರೂ ಅವಳೊಬ್ಬಳದೇ. ಅವಳು ಮತ್ತೆ ಹುಚ್ಚಿಗೆ ಮರಳುವುದನ್ನು ದುರಂತವೆಂದು ನಾವು ಕಣ್ಣೊರೆಸಿಕೊಳ್ಳುತ್ತೇವೆ. ಆದರೆ ಉಳಿದವರೆಲ್ಲ ಒಟ್ಟಾಗಿ ಕಾಪಾಡಿಕೊಂಡು ಬಂದ ಭ್ರಮೆಯ ಖರ್ಚನ್ನು ಅವಳೊಬ್ಬಳೇ ತೀರಿಸಿದಳು ಎಂಬುದನ್ನು ಚಿತ್ರ ಬಹಳ ಸ್ಪಷ್ಟವಾಗಿ ತೋರಿಸಿದೆ.

ಹೊರಗಿನ ಸಾಹಿತ್ಯದಲ್ಲಿ ಇದಕ್ಕೆ ತೀರ ಹತ್ತಿರದ ಸಂಗತಿ ಸ್ಪೇನಿನ ಸರ್ವಾಂಟಿಸ್ ಬರೆದ 'ಡಾನ್ ಕ್ವಿಕ್ಸಾಟ್' ಕಾದಂಬರಿಯಲ್ಲಿದೆ. ಗಾಳಿಗಿರಣಿಯನ್ನು ರಾಕ್ಷಸನೆಂದು ತಿಳಿದು ಭರ್ಜಿ ಹಿಡಿದು ನುಗ್ಗಿದ ಪ್ರಸಂಗ ಓದದವರಿಗೂ ಗೊತ್ತು. ಅದು 1605ರಲ್ಲಿ ಬಂದ ಮೊದಲ ಭಾಗದ್ದು. 1615ರಲ್ಲಿ ಬಂದ ಎರಡನೆಯ ಭಾಗ ನನಗೆ ಹೆಚ್ಚು ಇಷ್ಟ. ಅಲ್ಲಿ ಒಬ್ಬ ಡ್ಯೂಕ್ ಮತ್ತು ಅವನ ಹೆಂಡತಿ ಮೊದಲ ಭಾಗವನ್ನು ಓದಿಕೊಂಡಿರುತ್ತಾರೆ, ಆ ಹುಚ್ಚು ವೀರನೇ ಎದುರಿಗೆ ಬಂದಾಗ ತಮ್ಮ ಮನರಂಜನೆಗಾಗಿ ಇಡೀ ಅರಮನೆಯನ್ನೇ ಅವನ ಭ್ರಮೆಗೆ ತಕ್ಕ ಹಾಗೆ ಸಜ್ಜುಗೊಳಿಸುತ್ತಾರೆ. ಬುದ್ಧಿ ನೆಟ್ಟಗಿರುವವರು ಬುದ್ಧಿ ಕೆಟ್ಟವನೊಬ್ಬನಿಗಾಗಿ ಹಗಲಿರುಳು ಸುಳ್ಳು ಕಟ್ಟುತ್ತಾರೆ. ಅವನ ಸೇವಕ ಸಾಂಚೋನನ್ನು ತಮಾಷೆಗಾಗಿ ಒಂದು ಊರಿನ ಅಧಿಕಾರಿಯನ್ನಾಗಿ ಮಾಡಿದರೆ, ಆ ಓದುಬರಹ ಬಾರದ ರೈತ ಕುಳಿತು ನ್ಯಾಯವಾದ ತೀರ್ಪುಗಳನ್ನು ಕೊಡುತ್ತಾನೆ! ಹುಚ್ಚರು ಯಾರೆಂಬ ಪ್ರಶ್ನೆಯನ್ನು ಸರ್ವಾಂಟಿಸ್ ಅಲ್ಲಿ ಉತ್ತರಿಸದೆ ಬಿಟ್ಟಿದ್ದಾನೆ, ಬಿಟ್ಟದ್ದೇ ಸರಿ.

ಈಗ ನಮ್ಮೂರಿನ ರಾಮಾಚಾರಿಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ದುರ್ಗದವರು ಬರೆಯುವಾಗ 'ನಾಗರಹಾವು' ಬಾರದಿದ್ದರೆ ಇಲ್ಲಿ ಯಾರೂ ಕ್ಷಮಿಸುವುದಿಲ್ಲ. ತ.ರಾ.ಸು. ಅವರ 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು' ಮತ್ತು 'ಸರ್ಪಮತ್ಸರ' ಎಂಬ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ 1972ರಲ್ಲಿ ಮಾಡಿದ ಚಿತ್ರವದು, ರಾಮಾಚಾರಿ ಅದರ ನಾಯಕ. ಆ ಚಿತ್ರ ಲೇಖಕರಿಗೆ ಸಮಾಧಾನ ತಂದಿರಲಿಲ್ಲವೆಂಬುದು ಇಲ್ಲಿ ಎಲ್ಲರೂ ಬಲ್ಲ ಸಂಗತಿ. ರಾಮಾಚಾರಿಯನ್ನು ನಾವು ಸಾಮಾನ್ಯವಾಗಿ ಸಿಟ್ಟಿನ ಹುಡುಗ, ಪುಂಡ, ಬಗ್ಗದವನು ಎಂದು ನೆನೆಯುತ್ತೇವೆ. ಆದರೆ ಅವನು ಒಬ್ಬರ ಮುಂದೆ ಬಗ್ಗುತ್ತಾನೆ, ಎಷ್ಟು ಬಗ್ಗುತ್ತಾನೆಂದರೆ ತನ್ನ ಕಣ್ಣನ್ನೇ ಅವರಿಗೆ ಒಪ್ಪಿಸಿಬಿಡುತ್ತಾನೆ. ಚಾಮಯ್ಯ ಮೇಷ್ಟ್ರು ಹೇಳಿದ್ದೇ ಸರಿ ಎಂಬುದು ಅವನ ಭ್ರಮೆ, ಮತ್ತು ಅದು ಹುಚ್ಚಿನಿಂದ ಬಂದದ್ದಲ್ಲ, ಪ್ರೀತಿಯಿಂದ ಬಂದದ್ದು. ಮೇಷ್ಟ್ರ ಪಾತ್ರ ಮಾಡಿದ ಕೆ.ಎಸ್. ಅಶ್ವತ್ಥ್ ಅವರ ಆ ಮೃದುವಾದ ಮುಖ, ಆ ದನಿ, ಇವನ್ನು ನಂಬದೆ ಇರಲು ನಮಗೇ ಸಾಧ್ಯವಾಗುವುದಿಲ್ಲ. ಇನ್ನು ಆ ಹುಡುಗನಿಗೆ ಹೇಗೆ ಸಾಧ್ಯವಾದೀತು? ಮೇಷ್ಟ್ರು ತ್ಯಾಗದ ಮಾತಾಡುತ್ತಾರೆ, ಅವನು ತಾನು ಪ್ರೀತಿಸಿದ ಅಲಮೇಲುವನ್ನು ಬಿಟ್ಟುಕೊಡುತ್ತಾನೆ, ಬಿಟ್ಟುಕೊಟ್ಟದ್ದರಿಂದ ತಾನು ದೊಡ್ಡವನಾದೆನೆಂದು ಸಂಕಟದ ನಡುವೆಯೂ ನಂಬುತ್ತಾನೆ. ಮುಂದೊಂದು ದಿನ ಹೋಟೆಲಿನ ಕೋಣೆಯಲ್ಲಿ ಮೈಮಾರುವ ಸ್ಥಿತಿಯಲ್ಲಿ ಅಲಮೇಲು ಎದುರಾದಾಗ ಆ ತ್ಯಾಗದ ಬೆಲೆ ಏನೆಂದು ಅವನಿಗೆ ತಿಳಿಯುತ್ತದೆ. ಭ್ರಮೆ ಕಳಚುವ ದೃಶ್ಯಗಳಲ್ಲಿ ಕನ್ನಡ ಸಿನಿಮಾದಲ್ಲಿ ಇದಕ್ಕಿಂತ ಕ್ರೂರವಾದದ್ದನ್ನು ನಾನು ನೋಡಿಲ್ಲ. ಇಲ್ಲಿ ಯಾರೂ ಕನಸಿನಿಂದ ಎಚ್ಚರಗೊಳ್ಳುವುದಿಲ್ಲ. ಒಬ್ಬ ಒಳ್ಳೆಯ ಮನುಷ್ಯ ಒಳ್ಳೆಯ ಮನಸ್ಸಿನಿಂದಲೇ ಕೊಟ್ಟ ಸಲಹೆ ಇನ್ನೊಬ್ಬಳ ಬದುಕನ್ನು ಏನು ಮಾಡಿತೆಂದು ಕಣ್ಣಾರೆ ಕಾಣಬೇಕಾಗುತ್ತದೆ.

ಅದೇ ಚಿತ್ರದಲ್ಲಿ, ಕಥೆಗೆ ನೇರ ಸಂಬಂಧವಿಲ್ಲದಂತೆ ತೋರುವ ಓಬವ್ವನ ಹಾಡಿದೆ. ಇಂದು ಕೋಟೆಗೆ ಬರುವವರಲ್ಲಿ ಅನೇಕರು ಓಬವ್ವನ ಕಿಂಡಿಯ ಮುಂದೆ ನಿಂತಾಗ ಹೈದರಾಲಿಯ ಕಾಲವನ್ನು ಕಾಣುತ್ತಿರುವುದಿಲ್ಲ, ಚಿತ್ರದಲ್ಲಿ ಓಬವ್ವನಾದ ಜಯಂತಿಯವರನ್ನು ಕಾಣುತ್ತಿರುತ್ತಾರೆ. ಹುಡುಗರು ಒಬ್ಬೊಬ್ಬರಾಗಿ ಮೈ ಕುಗ್ಗಿಸಿ ಕಿಂಡಿಯೊಳಗಿಂದ ತೂರಿ ಬರುತ್ತಾರೆ, ಆಚೆ ನಿಂತ ಗೆಳತಿ ನೀರಿನ ಬಾಟಲಿಯನ್ನು ಒನಕೆಯಂತೆ ಎತ್ತಿ ಹಿಡಿಯುತ್ತಾಳೆ, ಇನ್ನೊಬ್ಬರು ಫೋನಿನಲ್ಲಿ ಚಿತ್ರ ತೆಗೆಯುತ್ತಾರೆ. ಇದರ ಬಗ್ಗೆ ಹುಬ್ಬು ಗಂಟಿಕ್ಕುವ ಹಿರಿಯರಿದ್ದಾರೆ, ನನಗೇನೂ ಬೇಸರವಿಲ್ಲ. ಆ ಹಾಡು ಚಿತ್ರದಲ್ಲಿ ಇರಬೇಕಾದ ಕಡೆಯೇ ಇದೆ ಎಂದು ಮಾತ್ರ ನನಗೆ ಅನಿಸುತ್ತದೆ. ಕಾವಲುಗಾರ ಗಂಡ ಊಟಕ್ಕೆ ಕುಳಿತಿದ್ದಾಗ ನೀರಿಗೆಂದು ಹೋದ ಓಬವ್ವ, ಕಿಂಡಿಯಲ್ಲಿ ಶತ್ರುವಿನ ತಲೆ ಕಂಡ ಕೂಡಲೇ, ಗಂಡನನ್ನು ಎಬ್ಬಿಸಿ ಅಪ್ಪಣೆ ಕೇಳದೆ ತನ್ನ ಕಣ್ಣನ್ನು ತಾನೇ ನಂಬಿದಳು. ಅದೇ ಬಂಡೆಗಳ ನಡುವೆ ಬೆಳೆದ ರಾಮಾಚಾರಿಗೆ ಆ ಧೈರ್ಯ ಬರುವ ಹೊತ್ತಿಗೆ ಎಲ್ಲವೂ ಕೈಮೀರಿತ್ತು. ಬೆಟ್ಟದ ಮೇಲೆ ಗುರು ಸತ್ತರು, ಹಿಂದೆಯೇ ಶಿಷ್ಯನೂ ಅವನು ಮುಂದೆ ಪ್ರೀತಿಸಿದ ಮಾರ್ಗರೆಟ್ಟಳೂ ಹೋದರು.

ಇಷ್ಟು ಹೇಳಿದ ಮೇಲೆ ಇನ್ನೊಂದು ಬಗೆಯ ಭ್ರಮೆಯ ಬಗ್ಗೆಯೂ ಹೇಳಬೇಕು: ಗೊತ್ತಿದ್ದೂ ದುಡ್ಡು ಕೊಟ್ಟು ಕೊಳ್ಳುವ ಭ್ರಮೆ. ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ಪೌರಾಣಿಕ ನಾಟಕ ಆಡುವವರು ಪಾತ್ರಕ್ಕೆ ಹಣ ಪಡೆಯುವುದಿಲ್ಲ, ತಾವೇ ಹಣ ಹಾಕುತ್ತಾರೆ. ದ್ವಾರಪಾಲಕನಿಗೆ ಕಡಿಮೆ, ಕೃಷ್ಣನಿಗೂ ದುರ್ಯೋಧನನಿಗೂ ಹೆಚ್ಚು. ಹಾರ್ಮೋನಿಯಂ ಮೇಷ್ಟ್ರ ಸಂಬಳ, ಬಾಡಿಗೆಗೆ ತರಿಸಿದ ಸೀನರಿ, ಡ್ರೆಸ್ಸು, ಹೊರಗಿನಿಂದ ಬರುವ ಸ್ತ್ರೀಪಾತ್ರಧಾರಿಣಿಯರ ಖರ್ಚು ಎಲ್ಲವೂ ಅದರಲ್ಲೇ ಆಗಬೇಕು. ಚಳ್ಳಕೆರೆ ಕಡೆಯ ಒಂದು ಹಳ್ಳಿಯಲ್ಲಿ ದುರ್ಯೋಧನನ ಪಾತ್ರ ಮಾಡಿದ ಶೇಂಗಾ ಬೆಳೆಗಾರರೊಬ್ಬರನ್ನು ಬೆಳಗಿನ ಜಾವ ಮಾತಾಡಿಸಿದ್ದೆ. ಮುಖದ ಬಣ್ಣ ಕೊಬ್ಬರಿಎಣ್ಣೆಯಲ್ಲಿ ಅರ್ಧ ಕರಗಿತ್ತು, ಕಿರೀಟ ಮಡಿಲಲ್ಲಿತ್ತು. ಸಾಲ ಮಾಡಿ ಇಷ್ಟು ದುಡ್ಡು ಯಾಕೆ ಸುರಿದಿರಿ ಎಂದು ಕೇಳಿದರೆ ಅವರು ನಕ್ಕು, "ವರ್ಷಾನುಗಟ್ಲೆ ಎಲ್ಲರ ಮುಂದೆ ಕೈಕಟ್ಟಿ ನಿಲ್ಲೋದೇ ಆಗೈತಿ ಸಾರ್. ಒಂದ್ ರಾತ್ರಿ ಅವರು ನನ್ ಮುಂದೆ ನಿಲ್ಲಲಿ ಬಿಡ್ರಿ" ಎಂದರು. ಆ ರಾತ್ರಿ ಭೀಷ್ಮನ ಪಾತ್ರ ಮಾಡಿದ್ದವರು ಅವರಿಗೆ ಸಾಲ ಕೊಟ್ಟಿದ್ದ ಸಾಹುಕಾರರೇ! ಇವರನ್ನು ಭ್ರಮೆಯಲ್ಲಿದ್ದಾರೆ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ. ತಾವು ಏನನ್ನು, ಎಷ್ಟು ಹೊತ್ತಿಗೆ, ಯಾವ ದರಕ್ಕೆ ಕೊಳ್ಳುತ್ತಿದ್ದೇವೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಪವನ್ ಕುಮಾರ್ ಅವರ 'ಲೂಸಿಯಾ' 2013ರಲ್ಲಿ ಬಂದಾಗ ನನಗೆ ನೆನಪಾದದ್ದು ಈ ದುರ್ಯೋಧನನೇ. ಜನರಿಂದಲೇ ಹಣ ಸಂಗ್ರಹಿಸಿ ಮಾಡಿದ ಆ ಚಿತ್ರದಲ್ಲಿ, ಟಾಕೀಸಿನಲ್ಲಿ ಟಾರ್ಚ್ ಹಿಡಿದು ಜನರಿಗೆ ಸೀಟು ತೋರಿಸುವ ನಿಕ್ಕಿಗೆ ನಿದ್ದೆ ಬಾರದು. ಮಾತ್ರೆ ನುಂಗಿ ಮಲಗಿದರೆ ತಾನು ದೊಡ್ಡ ಸಿನಿಮಾ ನಟನಾದ ಕನಸು. ನೋಡದವರಿಗಾಗಿ ಮುಂದಿನ ಮಾತನ್ನು ಬಚ್ಚಿಡಬೇಕಿತ್ತೇನೋ, ಇಷ್ಟು ವರ್ಷಗಳಾದ ಮೇಲೆ ಅದು ಬೇಡ: ನಟನೇ ನಿಜ, ಟಾರ್ಚ್ ಹಿಡಿದವನೇ ಕನಸು. ಇದೂ ತಿರುವಿನ ಚಿತ್ರವೇ. ಆದರೂ ಎರಡನೆಯ ಸಲ ನೋಡಿದಾಗ ಇದು ಸೋಲುವುದಿಲ್ಲ, ಏಕೆಂದರೆ ಕೀರ್ತಿಯ ಮಧ್ಯೆ ಉಸಿರು ಕಟ್ಟಿದವನೊಬ್ಬ ತನಗೆ ಬೇಕಾದ ಬಡತನವನ್ನು ಕಲ್ಪಿಸಿಕೊಂಡಿದ್ದಾನೆ ಎಂಬುದು ಆಗ ಅರಿವಾಗುತ್ತದೆ. ನನ್ನ ತಕರಾರು ಇರುವುದೂ ಇಲ್ಲಿಯೇ. ಬಡವನ ಬದುಕು ಬಣ್ಣಬಣ್ಣವಾಗಿ, ಸಿರಿವಂತನ ಬದುಕು ಕಪ್ಪುಬಿಳುಪಾಗಿ ಕಾಣುವುದು ಸಿರಿವಂತನ ಕನಸಿನಲ್ಲಿ ಮಾತ್ರ. ಹಳ್ಳಿಯ ದುರ್ಯೋಧನ ತನ್ನ ಕನಸಿಗೆ ಶೇಂಗಾದ ದುಡ್ಡು ಕೊಡುತ್ತಾನೆ. ನಟ ನಿಖಿಲನ ಕನಸಿಗೆ ಯಾರು ಕೊಟ್ಟರು ಎಂದು ಚಿತ್ರ ಕೇಳಿದ್ದರೆ ಅದು ಇನ್ನೂ ದೊಡ್ಡ ಚಿತ್ರವಾಗುತ್ತಿತ್ತು.

ಗಿರೀಶ ಕಾರ್ನಾಡರ 'ನಾಗಮಂಡಲ' ಇವೆಲ್ಲಕ್ಕಿಂತ ಒಂದು ಹೆಜ್ಜೆ ಮುಂದಿದೆ. ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳನ್ನು ಆಧರಿಸಿದ ನಾಟಕವದು. ಗಂಡ ಅಪ್ಪಣ್ಣ ರಾಣಿಯನ್ನು ಮನೆಯೊಳಗೆ ಕೂಡಿಹಾಕಿ ಬೀಗ ಜಡಿದು ಸೂಳೆಯ ಮನೆಗೆ ಹೋಗುತ್ತಾನೆ, ಮಧ್ಯಾಹ್ನ ಊಟಕ್ಕೆ ಮಾತ್ರ ಬರುತ್ತಾನೆ. ರಾತ್ರಿ ಅವನದೇ ರೂಪದಲ್ಲಿ ನಾಗರಹಾವು ಬರುತ್ತದೆ, ಪ್ರೀತಿಯ ಮಾತಾಡುತ್ತದೆ. ಹಗಲಿನ ಗಂಡನಿಗೂ ರಾತ್ರಿಯ ಗಂಡನಿಗೂ ಇರುವ ವ್ಯತ್ಯಾಸ ರಾಣಿಗೆ ತಿಳಿಯಲಿಲ್ಲವೇ? ತಿಳಿದೂ ಕೇಳಲಿಲ್ಲವೆಂದೇ ನಾನು ಓದಿಕೊಂಡಿದ್ದೇನೆ. ಅವಳು ಬಸುರಿಯಾದಾಗ ಊರಿನ ಪಂಚಾಯಿತಿ ಕೂಡುತ್ತದೆ, ಅವಳು ಹುತ್ತದೊಳಗೆ ಕೈಯಿಟ್ಟು ನನ್ನ ಗಂಡನನ್ನೂ ಈ ನಾಗನನ್ನೂ ಬಿಟ್ಟು ಬೇರೆ ಯಾವ ಗಂಡನ್ನೂ ಮುಟ್ಟಿಲ್ಲವೆಂದು ಆಣೆ ಮಾಡುತ್ತಾಳೆ. ಒಂದಕ್ಷರವೂ ಸುಳ್ಳಿಲ್ಲದ ಆ ಮಾತನ್ನು ಊರು ತನಗೆ ಬೇಕಾದಂತೆ ಅರ್ಥಮಾಡಿಕೊಂಡು, ಹಾದರಗಿತ್ತಿ ಎಂದು ಕಲ್ಲೆಸೆಯಲು ಬಂದವರೇ ದೇವಿಯೆಂದು ಕಾಲಿಗೆ ಬೀಳುತ್ತಾರೆ. ಭ್ರಮೆಯ ಖರ್ಚು ಇಲ್ಲಿ ಮೊದಲ ಸಲ ಊರಿನ ಲೆಕ್ಕಕ್ಕೆ ಬೀಳುತ್ತದೆ, ಅಪ್ಪಣ್ಣನ ಲೆಕ್ಕಕ್ಕಂತೂ ಬಡ್ಡಿಸಮೇತ ಬೀಳುತ್ತದೆ. ನಾಗಾಭರಣರು 1997ರಲ್ಲಿ ಇದನ್ನು ಚಿತ್ರ ಮಾಡಿದರು. ಚಿತ್ರ ಚೆನ್ನಾಗಿಯೇ ಇದೆ, ಆದರೆ ಗೊತ್ತಿದ್ದೂ ಗೊತ್ತಿಲ್ಲದಂತಿರುವ ರಾಣಿ ನನಗೆ ಪುಟದ ಮೇಲೆಯೇ ಹೆಚ್ಚು ಗಟ್ಟಿಯಾಗಿ ಕಾಣುತ್ತಾಳೆ.

ರಾಣಿಗೆ ಸಿಕ್ಕ ಈ ಅವಕಾಶ ಅಲಮೇಲುವಿಗೆ ಸಿಗಲಿಲ್ಲ. ರಾಮಾಚಾರಿಯ ನಂಬಿಕೆ ಏನು, ಅದು ಹೇಗೆ ಮುರಿಯಿತು ಎಂದು ನಮಗೆ ವಿವರವಾಗಿ ಗೊತ್ತು; ಮೇಷ್ಟ್ರ ಸಂಕಟವೂ ಗೊತ್ತು. ಆದರೆ ಮದುವೆಯ ಪೆಂಡಾಲಿನಿಂದ ಆ ಹೋಟೆಲ್ ಕೋಣೆಯವರೆಗಿನ ದಾರಿಯಲ್ಲಿ ಅಲಮೇಲು ಯಾವ ಸುಳ್ಳುಗಳನ್ನು ತಾನೇ ಹೇಳಿಕೊಂಡು ಬದುಕಿದಳು, ಗಂಡನ ಬಗ್ಗೆ ಎಲ್ಲಿಯವರೆಗೆ ಒಳ್ಳೆಯದನ್ನೇ ನಂಬಿದಳು, ಯಾವ ಹಂತದಲ್ಲಿ ನಂಬುವುದನ್ನು ಬಿಟ್ಟಳು ಎಂಬುದು ತೆರೆಯ ಮೇಲೆ ಬರಲೇ ಇಲ್ಲ. ದುರ್ಗದಲ್ಲೂ ದಾವಣಗೆರೆಯಲ್ಲೂ ಈಗ ಚೆನ್ನಾಗಿ ಕಥೆ ಬರೆಯುವ ಹೆಣ್ಣುಮಕ್ಕಳಿದ್ದಾರೆ. ಅವರಲ್ಲಿ ಯಾರಾದರೂ ಆ ನಡುವಿನ ವರ್ಷಗಳನ್ನು ಬರೆದರೆ, ಹಸ್ತಪ್ರತಿಯಲ್ಲಿಯೇ ಓದಿ ಅಭಿಪ್ರಾಯ ತಿಳಿಸಲು ನಾನು ಸಿದ್ಧನಿದ್ದೇನೆ. ದಯವಿಟ್ಟು ಕೊನೆಯಲ್ಲಿ ಇದೆಲ್ಲ ಕನಸೆಂದು ಮಾತ್ರ ಹೇಳಬೇಡಿ.