ಹೊಂಡವನ್ನು ‘ಲುಕ್ ಇಂಟು’ ಮಾಡಿದ ಕತೆ

ಅಕ್ಕನ ಮಗ ಐರ್ಲೆಂಡಿಗೆ ಹೊರಟಿದ್ದಾನೆ. ಹೊರಟಿದ್ದಾನೆ ಎಂದರೆ ಸದ್ಯಕ್ಕೆ ನಮ್ಮ ಮಂಗಳೂರಿನದೇ ಹಂಪನಕಟ್ಟೆಯವರೆಗೆ ತಲುಪಿದ್ದಾನೆ. ಅಲ್ಲಿ ಮೂರನೇ ಮಾಳಿಗೆಯ ಒಂದು ಕೋಚಿಂಗ್ ಸೆಂಟರಿನಲ್ಲಿ ಐಇಎಲ್‌ಟಿಎಸ್‌ಗೆ, ಅಂದರೆ ಪರದೇಶಕ್ಕೆ ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆಗೆ, ಸೇರಿದ್ದಾನೆ. ಆ ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸು ಸೆಕೆಂಡ್ ಕ್ಲಾಸು ಇಲ್ಲ, ‘ಬ್ಯಾಂಡ್’ ಉಂಟು, 9ರವರೆಗೆ. ಮಾತಿನ ಪರೀಕ್ಷೆಯಲ್ಲಿ 7 ಬ್ಯಾಂಡ್ ಬೇಕಾದರೆ ಅಲ್ಲೊಂದು ಇಲ್ಲೊಂದು ನುಡಿಗಟ್ಟು ಬಾಯಿಗೆ ಬರಬೇಕು ಅಂತ ಅವರ ಮಾನದಂಡದಲ್ಲೇ ಉಂಟು. ಅಲ್ಲೊಂದು ಇಲ್ಲೊಂದಕ್ಕೆಲ್ಲ ನಮ್ಮವರಿಗೆ ಸಮಾಧಾನ ಆಗುತ್ತದಾ? ಸೆಂಟರಿನವರು ಇಡಿಯಂ ಮತ್ತು ಫ್ರೇಸಲ್ ವರ್ಬುಗಳ ಜೆರಾಕ್ಸ್ ಕಟ್ಟನ್ನೇ ಕೊಟ್ಟಿದ್ದಾರೆ. ಹುಡುಗ ಅದನ್ನು ವಿಷ್ಣು ಸಹಸ್ರನಾಮದ ಹಾಗೆ ಬೆಳಿಗ್ಗೆ ಸಂಜೆ ಪಠಿಸುತ್ತಾನೆ.

ಸೆಂಟರಿನ ಕೆಳಗೆ ದೊಡ್ಡ ಫ್ಲೆಕ್ಸು: ‘ಈ ವರ್ಷ ನಮ್ಮಲ್ಲಿ ಪಾಸ್ ಔಟ್ ಆದವರು’. ಸಾಲಾಗಿ ಫೋಟೋಗಳು. ಇಂಗ್ಲೆಂಡಿನಲ್ಲಿ ಸೈನಿಕರ ತರಬೇತಿಯ ಮಾತೊಂದು ಬಿಟ್ಟರೆ ಪಾಸ್ ಔಟ್ ಎಂದರೆ ಪ್ರಜ್ಞೆ ತಪ್ಪಿ ಬೀಳುವುದು. ಫೀಸಿನ ಪಟ್ಟಿ ಓದಿದ ಮೇಲೆ ನನಗೆ ಆ ಫ್ಲೆಕ್ಸಿನಲ್ಲಿ ತಪ್ಪೇನೂ ಕಾಣಲಿಲ್ಲ.

‘ರೈನಿಂಗ್ ಕ್ಯಾಟ್ಸ್ ಆಂಡ್ ಡಾಗ್ಸ್’ ಅಂತ ಅವನು ಶುರು ಮಾಡಿದ್ದು ಜುಲೈಯ ಒಂದು ಸಂಜೆ. ಹಂಚಿನ ಮೇಲೆ ಮಳೆ ಬಡಿಯುವ ಸದ್ದಿಗೆ ನನಗೆ ಕೇಳಿಸಲಿಲ್ಲ. ಮೂರು ಸಲ ಕಿರುಚಿದ. ಲಂಡನ್ನಿಗೆ ಇಡೀ ವರ್ಷ ಬೀಳುವುದು ಸುಮಾರು 600 ಮಿ.ಮೀ. ಮಳೆ. ಮಂಗಳೂರಿಗೆ ಜುಲೈ ಒಂದರಲ್ಲೇ ಸಾಮಾನ್ಯವಾಗಿ ಸಾವಿರದ ಆಸುಪಾಸು. ಅವರ ಆ ಜಿಟಿಜಿಟಿಗೇ ನಾಯಿ ಬೆಕ್ಕು ಉದುರುವುದಾದರೆ ನಮ್ಮ ಆಟಿ ತಿಂಗಳ ಮಳೆಗೆ ಕಂಬಳದ ಕೋಣಗಳನ್ನೇ ಜೋಡಿ ಜೋಡಿಯಾಗಿ ಇಳಿಸಬೇಕಾದೀತು. ಮುಸಲಧಾರೆ ಎಂಬ ಮಾತು ನಮ್ಮಲ್ಲುಂಟು, ಒನಕೆ ಗಾತ್ರದ ಧಾರೆ. ಅಂಗಳಕ್ಕೆ ಇಳಿದರೆ ನೆತ್ತಿಗೆ ಅರ್ಥವಾಗುತ್ತದೆ. ಆದರೆ ಅದಕ್ಕೆ ಬ್ಯಾಂಡ್ ಇಲ್ಲ.

‘ಗಿವ್ ಎ ಹ್ಯಾಂಡ್, ಸಹಾಯ ಮಾಡು’ ಎಂದು ಓದಿದಾಗ ಅಕ್ಕ ಅಡುಗೆಮನೆಯಿಂದಲೇ ತಡೆದಳು. ‘ಕೈ ಕೊಡುದು ಅಂದ್ರೆ ಸಹಾಯವಾ? ನಿನ್ನ ಮಾವನಿಗೆ ಅವರ ಪಾರ್ಟ್‌ನರ್ ಕೈ ಕೊಟ್ಟದ್ದು ಮರೆತು ಹೋಯ್ತಾ?’

ಇದೇ ಊರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ 1894ರಲ್ಲಿ ಅಚ್ಚಾದ ನಿಘಂಟಿಗಾಗಿ ಜರ್ಮನಿಯ ಕಿಟ್ಟೆಲ್ ನಮ್ಮ ಮಾತಿಗೆ ವರ್ಷಗಟ್ಟಲೆ ಕಿವಿಗೊಟ್ಟು ಕೂತಿದ್ದರು. ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಕನ್ನಡದಲ್ಲಿ ಎಷ್ಟು ಬ್ಯಾಂಡ್ ಅಂತ ಯಾರೂ ಕೇಳಿದ ದಾಖಲೆ ಇಲ್ಲ.

ಇಡಿಯಂ ಹೇಗೋ ಬಾಯಿಗೆ ಬಂತು, ಫ್ರೇಸಲ್ ವರ್ಬ್ ಮಾತ್ರ ಹುಡುಗನ ತಲೆಗೆ ಹತ್ತಲಿಲ್ಲ. ‘ಲುಕ್’ ಒಂದೇ, ಅದರ ಬಾಲಕ್ಕೆ ಆಫ್ಟರ್ ಕಟ್ಟಿದರೆ ಆರೈಕೆ, ಫಾರ್ ಕಟ್ಟಿದರೆ ಹುಡುಕಾಟ, ಇಂಟು ಕಟ್ಟಿದರೆ ವಿಚಾರಣೆ. ಸಿಟಿ ಬಸ್ಸಿನ ಕಂಡಕ್ಟರು ‘ಪಿರ ಪೋಲೆ’, ‘ದುಂಬು ಪೋಲೆ’ ಅಂತ ಒಂದೇ ‘ಪೋಲೆ’ಯಲ್ಲಿ ಇಡೀ ಬಸ್ಸನ್ನು ಹಿಂದಕ್ಕೂ ಮುಂದಕ್ಕೂ ತಳ್ಳುವುದಿಲ್ಲವಾ ಮಾರಾಯ, ಹಾಗೆಯೇ ಇದು ಎಂದೆ. ಆಗಲಿಲ್ಲ. ಕೊನೆಗೆ ಕೊಡೆ ಹಿಡಿದು ನಮ್ಮ ಓಣಿಯ ಹೊಂಡದ ಬಳಿಗೆ ಕರೆದುಕೊಂಡು ಹೋದೆ.

ಈ ಹೊಂಡಕ್ಕೆ ದೊಡ್ಡ ಪತ್ರವ್ಯವಹಾರ ಉಂಟು. ಮೊದಲು ಕನ್ನಡದಲ್ಲಿ ಅರ್ಜಿ ಕೊಟ್ಟೆವು, ಉತ್ತರ ಇಲ್ಲ. ತುಳುವಿನಲ್ಲಿ ಬಾಯಿಮಾತಿನಲ್ಲಿ ಹೇಳಿದೆವು, ‘ತೂಕ’ ಎಂದರು. ‘ತೂಕ’ ಎಂದರೆ ‘ನೋಡುವ’. ‘ನೋಡುವ’ ಎಂದರೆ ಆಗುವುದಿಲ್ಲ. ಇದು ಊರಿನ ಅಂಗನವಾಡಿ ಮಕ್ಕಳಿಗೂ ಗೊತ್ತು. ಆಮೇಲೆ ನಿವೃತ್ತ ಬ್ಯಾಂಕ್ ಮ್ಯಾನೇಜರೊಬ್ಬರು (ಮಂಗಳೂರಿನಲ್ಲಿ ಓಣಿಗೊಬ್ಬರು ಇದ್ದೇ ಇರುತ್ತಾರೆ) ಕನ್ನಡಕ ಏರಿಸಿ ಬರೆದರು: ‘ಕೈಂಡ್ಲಿ ಲುಕ್ ಇಂಟು ದ ಪಾಟ್‌ಹೋಲ್ ಆಂಡ್ ಡು ದ ನೀಡ್‌ಫುಲ್’.

ಎಂಟೇ ದಿನದಲ್ಲಿ ಜೀಪು ಬಂತು! ಸಾಹೇಬರು ಇಳಿದರು. ಪ್ಯಾಂಟನ್ನು ಮೊಣಕಾಲಿಗೆ ಮಡಚಿದರು. ಹೊಂಡದ ಅಂಚಿನಲ್ಲಿ ನಿಂತು, ಸೊಂಟ ಬಗ್ಗಿಸಿ, ಒಳಗೆ ನೋಡಿದರು. ನೋಡುತ್ತಿರುವ ಫೋಟೋ ತೆಗೆಸಿಕೊಂಡರು. ಮರುದಿನ ಮೊಬೈಲಿಗೆ ಮೆಸೇಜು: ‘ಯುವರ್ ಕಂಪ್ಲೇಂಟ್ ಹ್ಯಾಸ್ ಬೀನ್ ಲುಕ್ಡ್ ಇಂಟು ಆಂಡ್ ಕ್ಲೋಸ್ಡ್’. ಕಂಪ್ಲೇಂಟು ಕ್ಲೋಸ್, ಹೊಂಡ ಓಪನ್.

ಮ್ಯಾನೇಜರು ಸೋಲುವವರಲ್ಲ. ‘ಟೇಕ್ ಅಪ್ ದ ರೋಡ್ ವರ್ಕ್ ಅಟ್ ದ ಅರ್ಲಿಯೆಸ್ಟ್’ ಎಂದು ಎರಡನೆಯದು ಕಳಿಸಿದರು. ಜೆಸಿಬಿ ಬಂದು, ಇದ್ದ ಚೂರುಪಾರು ಡಾಂಬರನ್ನೂ ಎಬ್ಬಿಸಿ, ಟಿಪ್ಪರಿಗೆ ಹಾಕಿ ಕೊಂಡುಹೋಯಿತು. ರಸ್ತೆಯನ್ನು ಇದಕ್ಕಿಂತ ಚೆನ್ನಾಗಿ ಟೇಕ್ ಅಪ್ ಮಾಡುವುದು ಹೇಗೆ? ಅಲ್ಲೊಂದು ಬೋರ್ಡು ಪುಟ್ ಅಪ್ ಆಯಿತು, ‘ಕಾಮಗಾರಿ ಪ್ರಗತಿಯಲ್ಲಿದೆ’ ಅಂತ. ಕಾಮಗಾರಿ ಪುಟ್ ಆಫ್ ಆಯಿತು. ಜೆಸಿಬಿಯ ಕೈ ತಾಗಿ ಬೀದಿದೀಪ ಪುಟ್ ಔಟ್ ಆಯಿತು. ಇಷ್ಟನ್ನೂ ಪುಟ್ ಅಪ್ ವಿತ್ ಮಾಡಿಕೊಂಡು ನಾವು ಇದ್ದೇವೆ.

ಹುಡುಗ ಕೊಡೆಯಡಿಯಲ್ಲೇ ಬರೆದುಕೊಳ್ಳಲು ಶುರು ಮಾಡಿದ.

‘ಫಿಲ್ ಇನ್, ಫಿಲ್ ಅಪ್... ವ್ಯತ್ಯಾಸ ಎಂತ ಮಾವ?’

‘ಫಾರ್ಮನ್ನು ಫಿಲ್ ಇನ್ ಮಾಡುದು ನಾವು. ಹೊಂಡವನ್ನು ಫಿಲ್ ಅಪ್ ಮಾಡುದು ಮಳೆ.’

‘ಕ್ಯಾರಿ ಔಟ್?’

‘ಮಾರ್ಚ್ 31ರ ಒಳಗೆ ಬಿಲ್ ಆಗ್ಲಿಕ್ಕೆ ಮಾಡುವ ಕೆಲಸ. ಜೂನಿನ ಮೊದಲ ಮಳೆಗೆ ಅದೇ ಕ್ಯಾರೀಡ್ ಅವೇ.’

ಮೂರನೇ ಅರ್ಜಿ ಹಿಡಿದು ನಾನೇ ಕಚೇರಿಗೆ ಹೋಗಿದ್ದೆ. ‘ಸಾಹೇಬರು ಔಟ್ ಆಫ್ ಸ್ಟೇಷನ್’ ಎಂದರು ಗುಮಾಸ್ತರು. ಇದು ಈಗ ಇಂಗ್ಲೆಂಡಿನವರಿಗೇ ಅರ್ಥವಾಗದ ಇಂಗ್ಲಿಷು. ಬ್ರಿಟಿಷರ ಕಾಲದಲ್ಲಿ ಅಧಿಕಾರಿಗಳ ಠಾಣ್ಯಕ್ಕೆ ಸ್ಟೇಷನ್ ಎನ್ನುತ್ತಿದ್ದರು. ಅವರೆಲ್ಲ 1947ರಲ್ಲಿ ಸ್ಟೇಷನ್ ಬಿಟ್ಟು ಹೋದರು. ನಮ್ಮವರು ಇವತ್ತಿಗೂ ಅದರ ಹೊರಗೇ ಇದ್ದಾರೆ. ‘ಯಾವ ಸ್ಟೇಷನ್, ಸೆಂಟ್ರಲ್ಲಾ ಜಂಕ್ಷನ್ನಾ?’ ಎಂದು ನಾನು ಕೇಳಿದ್ದು ಅವರಿಗೆ ರುಚಿಸಲಿಲ್ಲ. ಅವರ ಮೇಜಿನ ಮೇಲೆ ನಮ್ಮ ಕಡತ ಕೆಂಪು ಲಾಡಿ ಕಟ್ಟಿಕೊಂಡು ಮಲಗಿತ್ತು. ರೆಡ್ ಟೇಪ್ ಎಂಬ ಇಡಿಯಂ ಹುಟ್ಟಿದ್ದೇ ಕಾಗದಪತ್ರ ಕಟ್ಟುವ ಅಂಥ ಲಾಡಿಯಿಂದ. ಬೇರೆ ಕಡೆ ಅದು ಬರೀ ಮಾತಾಗಿ ಉಳಿದಿದೆ, ನಮ್ಮಲ್ಲಿ ಉಂಡೆ ಉಂಡೆಯಾಗಿ ಖರೀದಿಸುತ್ತಾರೆ.

ಮೊನ್ನೆ ಕಡೆಯ ಉತ್ತರ ಬಂತು: ‘ವಿಲ್ ಬಿ ಟೇಕನ್ ಅಪ್ ಆಫ್ಟರ್ ಮಾನ್ಸೂನ್’. ಯಾವ ವರ್ಷದ್ದು ಅಂತ ಬರೆದಿಲ್ಲ. ‘ಒನ್ಸ್ ಇನ್ ಎ ಬ್ಲೂ ಮೂನ್ ಅಂದ್ರೆ ಇದೇ ಅಲ್ವಾ?’ ಎಂದಳು ಅಕ್ಕ. ಪಾಠ ಕೇಳಿ ಕೇಳಿ ಅವಳಿಗೂ ಬ್ಯಾಂಡ್ ಬರತೊಡಗಿತ್ತು. ಹುಡುಗ ತಿದ್ದಿದ. ಒಂದೇ ತಿಂಗಳಲ್ಲಿ ಎರಡು ಹುಣ್ಣಿಮೆ ಬಂದರೆ ಎರಡನೆಯದಕ್ಕೆ ಬ್ಲೂ ಮೂನ್ ಅನ್ನುತ್ತಾರಂತೆ, ಎರಡು ಮೂರು ವರ್ಷಕ್ಕೊಮ್ಮೆ ತಪ್ಪದೆ ಬರುತ್ತದಂತೆ. ಹಾಗಾದರೆ ನಮ್ಮ ಓಣಿಗೆ ಡಾಂಬರು ಬಿದ್ದು ಎರಡು ಬ್ಲೂ ಮೂನ್ ಕಳೆದವು.

ಸೆಂಟರಿನಲ್ಲಿ ಅಣಕು ಪರೀಕ್ಷೆ ನಡೆಯಿತು. ನೀರಿನ ಬಳಿಯ ಒಂದು ತಾಣದ ಬಗ್ಗೆ ಎರಡು ನಿಮಿಷ ಮಾತಾಡಬೇಕಿತ್ತು. ಉಳಿದವರೆಲ್ಲ ಪಣಂಬೂರು, ತಣ್ಣೀರುಬಾವಿ ಅಂದರೆ ಇವನು ನಮ್ಮ ಹೊಂಡ ಹಿಡಿದ. ಲುಕ್ ಇಂಟು, ಟೇಕ್ ಅಪ್, ಪುಟ್ ಆಫ್ ಒಂದರ ಮೇಲೊಂದು. 8 ಬ್ಯಾಂಡ್!

ಮನೆಗೆ ಬಂದವನು ಮೆಲ್ಲಗೆ ಹೇಳಿದ: ‘ಮಾವ, ಅದನ್ನು ಈಗ ಮುಚ್ಚಿಸ್ಬೇಡಿ. ಪರೀಕ್ಷೆ ಇನ್ನು ಸೆಪ್ಟೆಂಬರಿಗೆ.’

‘ನೀನು ಐರ್ಲೆಂಡಿನಿಂದ ಹೆಂಡತಿ ಮಕ್ಕಳನ್ನು ಕರ್ಕೊಂಡು ರಜೆಗೆ ಬರುವಾಗ್ಲೂ ಅದು ಅಲ್ಲೇ ಇರ್ತದೆ, ಹೋಗಿ ಓದು’ ಎಂದೆ.