ಬಿಸಿ ಕೋಣೆಯಲ್ಲಿ ಜಾರುವ ಪಾದ

ಹಾಟ್ ಯೋಗದ, ಅಂದರೆ ಬಿಸಿ ಮಾಡಿದ ಕೋಣೆಯಲ್ಲಿ ನಡೆಸುವ ಯೋಗದ, ತರಗತಿಯಲ್ಲಿ ಯಾರದಾದರೂ ಕಾಲು ಜಾರಿತೆಂದರೆ ಎಲ್ಲರ ಕಣ್ಣೂ ಮೊದಲು ಹೋಗುವುದು ಮ್ಯಾಟಿನ ಕಡೆಗೆ. ಬೇರೆ ಮ್ಯಾಟ್ ಕೊಳ್ಳಿ, ಮೇಲೊಂದು ಟವೆಲ್ ಹಾಸಿ, ಹಿಡಿತವಿರುವ ಸಾಕ್ಸ್ ಹಾಕಿಕೊಳ್ಳಿ ಎಂಬ ಸಲಹೆಗಳು ಒಂದರ ಹಿಂದೊಂದು ಬರುತ್ತವೆ. ಇವು ತಪ್ಪು ಸಲಹೆಗಳಲ್ಲ. ಆದರೆ ಈ ಅಭ್ಯಾಸದಲ್ಲಿ ಬಹಳ ಕಾಲದಿಂದ ತೊಡಗಿರುವ ನನಗೆ ದೃಢವಾಗಿ ಅನಿಸಿರುವುದು ಬೇರೆ. ಜಾರುವಿಕೆಯ ದೊಡ್ಡ ಪಾಲು ಮ್ಯಾಟಿನಲ್ಲಿಲ್ಲ. ಪಾದವನ್ನು ನಾವು ಎಷ್ಟು ದೂರದಲ್ಲಿ, ಹೇಗೆ ಊರುತ್ತೇವೆ ಮತ್ತು ಊರಿದ ಪಾದಕ್ಕೆ ತೊಡೆಯ ಸ್ನಾಯುಗಳು ಎಷ್ಟು ಆಸರೆ ಕೊಡುತ್ತವೆ ಎಂಬುದರಲ್ಲಿದೆ.

ಮೊದಲು ಆ ಕೋಣೆಯ ಸ್ಥಿತಿಯನ್ನು ನೋಡೋಣ. ಹಾಟ್ ಯೋಗದ ಒಂದು ಬಗೆಯಾದ ಬಿಕ್ರಮ್ ಪದ್ಧತಿಯಲ್ಲಿ ಸುಮಾರು 40 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ಮತ್ತು ಶೇ. 40ರಷ್ಟು ಆರ್ದ್ರತೆಯಲ್ಲಿ 90 ನಿಮಿಷಗಳ ಕಾಲ ಎರಡು ಉಸಿರಾಟದ ಅಭ್ಯಾಸಗಳೂ ಸೇರಿ ಒಟ್ಟು 26 ಅಭ್ಯಾಸಗಳನ್ನು ಮಾಡಲಾಗುತ್ತದೆ. ಉಳಿದ ಹಾಟ್ ಯೋಗ ತರಗತಿಗಳಲ್ಲಿ ಬಿಸಿ ಮತ್ತು ಅವಧಿ ಹೆಚ್ಚುಕಡಿಮೆಯಾಗಬಹುದು, ಬೆವರು ಮಾತ್ರ ತಪ್ಪುವುದಿಲ್ಲ. ಗಾಳಿಯಲ್ಲಿ ತೇವ ಹೆಚ್ಚಿದಷ್ಟೂ ಬೆವರು ಆರುವುದು ನಿಧಾನವಾಗಿ, ಅದು ತೊಡೆಯಿಂದ ಮಂಡಿಗೆ, ಮಂಡಿಯಿಂದ ಮೀನಖಂಡಕ್ಕೆ, ಅಲ್ಲಿಂದ ಹಿಮ್ಮಡಿಯ ಸುತ್ತ ಇಳಿದು ಅಂಗಾಲಿನ ಅಂಚಿನಲ್ಲಿ ನಿಲ್ಲುತ್ತದೆ. ಅಂಗಾಲಿನಲ್ಲಿಯೂ ಬೆವರಿನ ಗ್ರಂಥಿಗಳು ದಟ್ಟವಾಗಿವೆ, ಮತ್ತು ಅವು ಬಿಸಿಗಷ್ಟೇ ಅಲ್ಲ, ಆತಂಕಕ್ಕೂ ಸ್ಪಂದಿಸುತ್ತವೆ. ಜಾರಿಬಿಡುತ್ತೇನೆಂಬ ಹೆದರಿಕೆಯೇ ಅಂಗಾಲನ್ನು ಇನ್ನಷ್ಟು ಒದ್ದೆ ಮಾಡುವುದು ಹೀಗೆ.

ಒಣ ಚರ್ಮಕ್ಕಿಂತ ತುಸು ತೇವವಾದ ಚರ್ಮಕ್ಕೆ ಹಿಡಿತ ಹೆಚ್ಚು. ಆದರೆ ತೇವ ಹೆಚ್ಚಾಗಿ ಪಾದಕ್ಕೂ ಮ್ಯಾಟಿಗೂ ನಡುವೆ ನೀರಿನ ಪದರ ನಿಂತಿತೆಂದರೆ ಹಿಡಿತ ಒಮ್ಮೆಲೇ ಕುಸಿಯುತ್ತದೆ. ನೀರನ್ನು ಹೀರದ ಸಾಮಾನ್ಯ ಪಿವಿಸಿ ಮ್ಯಾಟಿನ ಮೇಲೆ ಈ ಪದರ ಬೇಗ ಕಟ್ಟಿಕೊಳ್ಳುತ್ತದೆ. ಮೈಕ್ರೋಫೈಬರ್ ಟವೆಲ್ಲಿನ ಗುಣ ಇದಕ್ಕೆ ತಿರುಗುಮುರುಗು: ಒಣಗಿದ್ದಾಗ ಅದೇ ಜಾರುತ್ತದೆ, ಒದ್ದೆಯಾದ ಮೇಲೆ ಹಿಡಿಯುತ್ತದೆ. ಆದ್ದರಿಂದ ತರಗತಿಯ ಆರಂಭದಲ್ಲಿಯೇ ಕೈ ಮತ್ತು ಪಾದ ಊರುವ ಜಾಗದಲ್ಲಿ ಸ್ವಲ್ಪ ನೀರು ಚಿಮುಕಿಸಿಕೊಳ್ಳುವುದು ಒಳ್ಳೆಯದು. ಸಲಕರಣೆಯ ವಿಷಯದಲ್ಲಿ ಇದಕ್ಕಿಂತ ಹೆಚ್ಚು ಹೇಳುವ ಅಗತ್ಯ ನನಗೆ ಕಾಣುವುದಿಲ್ಲ.

ನಿಜವಾದ ಸಮಸ್ಯೆ ಶುರುವಾಗುವುದು ಕಾಲುಗಳನ್ನು ಅಗಲಿಸಿ ನಿಲ್ಲುವ ಆಸನಗಳಲ್ಲಿ, ಅಂದರೆ ಪಕ್ಕಕ್ಕೆ ಬಾಗುವ ತ್ರಿಕೋನಾಸನ, ಮುಂದಿನ ಮಂಡಿಯನ್ನು ಬಗ್ಗಿಸಿ ಹಿಂದಿನ ಕಾಲನ್ನು ನೇರವಾಗಿ ಚಾಚಿ ನಿಲ್ಲುವ ಎರಡನೆಯ ವೀರಭದ್ರಾಸನ ಮತ್ತು ಮುಂದಕ್ಕೆ ಬಾಗುವ ಪ್ರಸಾರಿತ ಪಾದೋತ್ತಾನಾಸನದಂಥವುಗಳಲ್ಲಿ. ಕಾಲುಗಳು ಹತ್ತಿರವಿದ್ದಾಗ ದೇಹದ ಭಾರ ನೇರವಾಗಿ ಕೆಳಗಿಳಿಯುತ್ತದೆ. ಅಗಲವಾದಂತೆಲ್ಲ ಅದು ಪಾದಗಳನ್ನು ಹೊರಕ್ಕೆ ದೂಡತೊಡಗುತ್ತದೆ. ತೊಡೆಯ ಸ್ನಾಯುಗಳು ಏನೂ ಮಾಡದೆ ಸುಮ್ಮನಿವೆ ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ, ಎರಡೂ ಕಾಲುಗಳು ಲಂಬರೇಖೆಯಿಂದ 30 ಡಿಗ್ರಿ ಓರೆಯಾದಾಗ ಪ್ರತಿ ಪಾದದ ಮೇಲಿನ ಹೊರದೂಡುವ ಬಲ ಆ ಪಾದದ ಮೇಲೆ ಕೆಳಗಿಳಿಯುವ ಭಾರದ 0.58ರಷ್ಟಾಗುತ್ತದೆ, 45 ಡಿಗ್ರಿ ಓರೆಯಾದಾಗ ಅದು ಭಾರಕ್ಕೆ ಸರಿಸಮವಾಗುತ್ತದೆ. ಬೆವರಿನಲ್ಲಿ ನೆನೆದ ಮ್ಯಾಟಿನಿಂದ ಅಷ್ಟು ಘರ್ಷಣೆಯನ್ನು ನಿರೀಕ್ಷಿಸುವುದು ಹೇಗೆ? ಎರಡು ಕಾಲಿನ ಮಡಚು ಏಣಿಯ ಅಡಿಯಲ್ಲಿ ಒಂದು ಹಗ್ಗ ಕಟ್ಟಿದ್ದರೆ ನೆಲ ಎಷ್ಟೇ ನುಣುಪಾಗಿದ್ದರೂ ಅದು ಬಿಚ್ಚಿಕೊಳ್ಳುವುದಿಲ್ಲ. ನಮ್ಮ ದೇಹದಲ್ಲಿ ಆ ಹಗ್ಗದ ಕೆಲಸವನ್ನು ಮಾಡಬೇಕಾದವು ತೊಡೆಯ ಒಳಭಾಗದ ಸ್ನಾಯುಗಳು. ಪಾದಗಳನ್ನು ಅಲುಗಿಸದೆ, ಮ್ಯಾಟನ್ನು ನಡುವಿಗೆ ಎಳೆದು ಮಡಚುವವರಂತೆ ಎರಡೂ ಪಾದಗಳಿಂದ ಒಳಮುಖವಾಗಿ ಬಲ ಹಾಕಿ ನೋಡಿ. ತೊಡೆಯ ಒಳಬದಿ ಬಿಗಿಯುತ್ತದೆ, ಪಾದ ಮತ್ತೆ ನೇರವಾಗಿ ಕೆಳಕ್ಕೆ ಒತ್ತತೊಡಗುತ್ತದೆ. ಹಾಗೆ ಹಿಡಿದಿಡಲು ಆಗದಷ್ಟು ಅಗಲಕ್ಕೆ ಕಾಲು ಹೋಗಿದ್ದರೆ ಒಂದು ಗೇಣು ಹಿಂದಕ್ಕೆ ತರಬೇಕು. ನನ್ನ ದೃಷ್ಟಿಯಲ್ಲಿ ಸರಿಯಾದ ಅಂತರವನ್ನು ತೀರ್ಮಾನಿಸಬೇಕಾದದ್ದು ಈ ಹಿಡಿತವೇ ಹೊರತು ಪಕ್ಕದವರ ಮ್ಯಾಟಿನ ಮೇಲಿನ ಪಾದಗಳಲ್ಲ.

ಇನ್ನು ಪಾದದ ಜೋಡಣೆ. ಹೆಬ್ಬೆರಳಿನ ಬುಡ, ಕಿರುಬೆರಳಿನ ಬುಡ ಮತ್ತು ಹಿಮ್ಮಡಿಯ ಮಧ್ಯ, ಈ ಮೂರೂ ಕಡೆ ಭಾರ ಹಂಚಿಹೋಗಬೇಕೆಂಬುದನ್ನು ಎಲ್ಲ ತರಗತಿಗಳಲ್ಲಿಯೂ ಹೇಳುತ್ತಾರೆ. ಬೆವರು ಇಳಿಯತೊಡಗಿದಾಗ ಆಗುವುದೇನೆಂದರೆ, ಪಾದ ತಾನಾಗಿಯೇ ಬೆರಳುಗಳನ್ನು ಮಡಚಿ ಮ್ಯಾಟನ್ನು ಪರಚಿ ಹಿಡಿಯಲು ಹೋಗುತ್ತದೆ. ಬೆರಳುಗಳ ಗೆಣ್ಣು ಬಿಳಿಚಿಕೊಳ್ಳುತ್ತದೆ, ಬೆರಳುಗಳ ಬುಡ ಹಗುರಾಗುತ್ತದೆ, ಊರಿದ ಜಾಗ ಕಿರಿದಾಗುತ್ತದೆ, ಸ್ವಲ್ಪ ಹೊತ್ತಿನಲ್ಲೇ ಅಂಗಾಲು ಸೆಡೆತು ಹಿಡಿಯುತ್ತದೆ. ಹಿಡಿತಕ್ಕೆಂದು ಮಾಡಿದ ಪ್ರಯತ್ನವೇ ಹಿಡಿತವನ್ನು ಕಳೆಯುತ್ತದೆ. ಎಲ್ಲ ಬೆರಳುಗಳನ್ನು ಒಮ್ಮೆ ಮೇಲೆತ್ತಿ, ಅಗಲಿಸಿ, ಉದ್ದಕ್ಕೆ ಚಾಚಿ ಮತ್ತೆ ಕೆಳಗಿಟ್ಟರೆ ಪಾದದ ಕಮಾನು ಮರಳಿ ಏಳುವುದು ಅನುಭವಕ್ಕೆ ಬರುತ್ತದೆ.

ಹೆಚ್ಚು ತೊಂದರೆ ಕೊಡುವುದು ವೀರಭದ್ರಾಸನದ ಹಿಂದಿನ ಪಾದ. ಮುಂದಿನ ಮಂಡಿಯನ್ನು ಬಗ್ಗಿಸುವ ಉತ್ಸಾಹದಲ್ಲಿ ನಾವು ಅದನ್ನು ಮರೆತೇಬಿಡುತ್ತೇವೆ. ಅದರ ಕಮಾನು ಒಳಕ್ಕೆ ಕುಸಿದು, ಹೊರ ಅಂಚು ಮ್ಯಾಟಿನಿಂದ ಕೂದಲೆಳೆಯಷ್ಟು ಮೇಲೆದ್ದಿರುತ್ತದೆ. ಜಾರುವಿಕೆ ಆರಂಭವಾಗುವುದು ಅಲ್ಲಿಂದ. ಹಿಂದಿನ ಪಾದದ ಬೆರಳುಗಳನ್ನು ತುಸು ಒಳಮುಖವಾಗಿ ತಿರುಗಿಸಿ, ಹಿಮ್ಮಡಿಯ ಹೊರ ಅಂಚನ್ನು ಒತ್ತಿ ಹಿಡಿದ ಮೇಲೆಯೇ ಮುಂದಿನ ಮಂಡಿಯನ್ನು ಬಗ್ಗಿಸಬೇಕು. ಮುಂದಿನ ಮಂಡಿ ಎರಡನೆಯ ಬೆರಳಿನ ನೇರಕ್ಕಿರಲಿ. ಒಳಕ್ಕೆ ವಾಲಿದ ಮಂಡಿ ಪಾದವನ್ನೂ ತನ್ನ ಜೊತೆಗೆ ವಾಲಿಸುತ್ತದೆ, ಆ ಹೊತ್ತಿನಲ್ಲಿ ಕಾಲು ಜಾರಿದರೆ ತಿರುಚುವ ಪೆಟ್ಟು ಬೀಳುವುದು ಮಂಡಿಯ ಕೀಲಿಗೆ.

ಬಿಸಿಯಲ್ಲಿ ಸ್ನಾಯುಗಳು ಸಡಿಲವಾಗಿ ಬಾಗುತ್ತವೆ, ದಿನನಿತ್ಯದ ಮಿತಿಯನ್ನು ದಾಟಿ ಹೋಗುವುದು ಸುಲಭವೆನಿಸುತ್ತದೆ. ಹೀಗೆ ಕೊನೆಯವರೆಗೂ ಎಳೆದು ನಿಂತಿರುವಾಗ ಪಾದ ಇನ್ನೂ ಎರಡು ಬೆರಳಿನಷ್ಟು ಜಾರಿದರೂ ತೊಡೆಸಂದಿನಲ್ಲಿ ಅಥವಾ ತೊಡೆಯ ಹಿಂಭಾಗದಲ್ಲಿ ಸ್ನಾಯು ಉಳುಕಬಹುದು. ಈ ಕಾರಣಕ್ಕಾಗಿಯೇ, ಕನ್ನಡಿಯ ಮುಂದೆ ಸಾಲಾಗಿ ನಿಂತವರೆಲ್ಲರಿಗೂ "ಇನ್ನೂ ಅಗಲ, ಇನ್ನೂ ಕೆಳಗೆ" ಎಂದು ಒಂದೇ ಸೂಚನೆ ಕೊಡುವ ಕ್ರಮವನ್ನು ನಾನು ಒಪ್ಪುವುದಿಲ್ಲ. ಒಬ್ಬರಿಗೆ ಸವಾಲಾಗುವ ಅಗಲ ಇನ್ನೊಬ್ಬರಿಗೆ ಅಪಾಯವಾಗಬಹುದು, ಮತ್ತು ಆ ವ್ಯತ್ಯಾಸ ಕಾಣಬೇಕಾದರೆ ಕಲಿಸುವವರ ಕಣ್ಣು ಭುಜದ ಎತ್ತರದಿಂದ ಕೆಳಗಿಳಿದು ಪಾದಗಳವರೆಗೆ ಬರಬೇಕು.

ಒಂಟಿಕಾಲಿನ ಆಸನಗಳಲ್ಲಿ ಪಾದ ಹೊರಕ್ಕೆ ಸರಿಯುವುದು ಕಡಿಮೆ. ಅಲ್ಲಿ ಜಾರುವುದು ಎತ್ತಿದ ಪಾದವನ್ನು ಹಿಡಿದ ಕೈ. ಚಿಕ್ಕ ಟವೆಲ್ಲನ್ನು ಪಾದಕ್ಕೆ ಸುತ್ತಿ ಹಿಡಿದರೆ ಸಾಕು. ಹಾಗೆ ಮಾಡುವುದನ್ನು ಕೆಲವು ಕಡೆ ಶಿಸ್ತಿನ ಕೊರತೆ ಎಂದು ನೋಡುವುದುಂಟು, ಅದು ನನಗೆ ಸ್ವಲ್ಪವೂ ಸರಿಕಾಣುವುದಿಲ್ಲ. ಒಂದು ಆಸನ ಮುಗಿದು ಇನ್ನೊಂದಕ್ಕೆ ಹೋಗುವ ನಡುವೆ ಮೀನಖಂಡವನ್ನೂ ಅಂಗಾಲನ್ನೂ ಒರೆಸಿಕೊಳ್ಳಲು ಐದಾರು ಉಸಿರಿನಷ್ಟು ಬಿಡುವನ್ನು ತರಗತಿಯ ಕ್ರಮದಲ್ಲಿಯೇ ಸೇರಿಸಬೇಕು. ಕಲಿಸುವವರೇ ಅದನ್ನು ಬಾಯಿಬಿಟ್ಟು ಹೇಳಿದರೆ, ಒರೆಸಿಕೊಳ್ಳಲು ಸಂಕೋಚಪಟ್ಟು ಒದ್ದೆ ಕಾಲಿನಲ್ಲೇ ಮುಂದಿನ ಆಸನಕ್ಕೆ ಕಾಲು ಅಗಲಿಸುವ ಹೊಸಬರಿಗೂ ನಿಂತು ಒರೆಸಿಕೊಳ್ಳಲು ಧೈರ್ಯ ಬರುತ್ತದೆ.