ನನ್ನ 'ಪ್ರಿನ್ಸ್' ಫ್ಲಾಪಿಗೆ ಎಷ್ಟು ಬರುತ್ತೆ?

ಹೋದ ತಿಂಗಳು ದಾವಣಗೆರೆಗೆ ಹೋದಾಗ ಅಟ್ಟದ ಮೇಲಿದ್ದ ಟ್ರಂಕು ಇಳಿಸಿದೆವು. ಅಮ್ಮನ ಹಳೇ ರೇಷ್ಮೆ ಸೀರೆ, ನನ್ನ ಪಿಯುಸಿ ಮಾರ್ಕ್ಸ್ ಕಾರ್ಡು, ಮದುವೆ ಆಲ್ಬಮ್ಮು. ಎಲ್ಲದರ ಅಡಿಯಲ್ಲಿ ಒಂದು ಪ್ಲಾಸ್ಟಿಕ್ ಕವರು. ಅದರೊಳಗೆ ಹಳೇ ಕಂಪ್ಯೂಟರಿನ ಫೈಲ್ ಇಡುತ್ತಿದ್ದ ಮೂರೂವರೆ ಇಂಚಿನ ಒಂದು ಫ್ಲಾಪಿ ಡಿಸ್ಕ್, ಜೊತೆಗೆ ನಾಲ್ಕಾಗಿ ಮಡಚಿದ ಝೆರಾಕ್ಸ್ ಹಾಳೆ. ಫ್ಲಾಪಿ ಮೇಲೆ ನೀಲಿ ಪೆನ್ನಿನಲ್ಲಿ ನನ್ನದೇ ಅಕ್ಷರ: "ಪ್ರಿನ್ಸ್. ಅಳಿಸಬಾರದು." ಪ್ರಿನ್ಸ್ ಅಂದರೆ 'ಪ್ರಿನ್ಸ್ ಆಫ್ ಪರ್ಷಿಯಾ', ಆಗ ನಾವು ಆಡುತ್ತಿದ್ದ ಕಂಪ್ಯೂಟರ್ ಗೇಮ್.

ಅಣ್ಣನ ಮಗ ಪಕ್ಕದಲ್ಲೇ ಇದ್ದ. ಫೋನ್ ತೆಗೆದು ಏನೋ ಹುಡುಕಿದ. "ಅತ್ತೆ, ಹಳೇ ಗೇಮ್‌ಗಳಿಗೆ ಕೋಟಿಗಟ್ಟಲೆ ಕೊಡ್ತಾರಂತೆ. ಇದಕ್ಕೆ ಎಷ್ಟು ಬರಬಹುದು?"

"ಒಂದು ರೂಪಾಯಿನೂ ಬರಲ್ಲ ಕಣೋ" ಅಂದುಬಿಟ್ಟೆ. ಅಂದ ಮೇಲೆ ನನಗೇ ಸಮಾಧಾನ ಆಗಲಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಹುಡುಗ ಹೇಳಿದ್ದು ಸುಳ್ಳಲ್ಲ. 2021ರ ಜುಲೈನಲ್ಲಿ ಅಮೆರಿಕದ ಹರಾಜಿನಲ್ಲಿ ಸೀಲ್ ಒಡೆಯದ ಒಂದು 'ಸೂಪರ್ ಮಾರಿಯೋ 64' 15 ಲಕ್ಷ 60 ಸಾವಿರ ಡಾಲರ್‌ಗೆ ಹೋಯಿತು. ಮುಂದಿನ ತಿಂಗಳೇ ಇನ್ನೊಂದು ಮಾರಿಯೋ 20 ಲಕ್ಷ ಡಾಲರ್‌ಗೆ. ಇಂಥ ಗೇಮ್‌ಗಳನ್ನು ಮೊದಲು ಅಂಕ ಕೊಡುವ ಕಂಪನಿಗೆ ಕಳಿಸುತ್ತಾರೆ. ಅವರು ಡಬ್ಬಿಯ ಮೂಲೆ, ಪ್ಲಾಸ್ಟಿಕ್ ಸುತ್ತು ಎಲ್ಲಾ ನೋಡಿ, ಹತ್ತಕ್ಕೆ ಇಷ್ಟು ಅಂತ ಹಾಕಿ, ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿ ವಾಪಸ್ ಕೊಡುತ್ತಾರೆ. ಆಮೇಲೆ ಅದನ್ನು ಯಾರೂ ಆಡುವ ಹಾಗಿಲ್ಲ. ಆಡಿದರೆ ಬೆಲೆ ಬಿತ್ತು.

ಇದು ನನಗೆ ಒಪ್ಪಿಗೆ ಇಲ್ಲ. ಅವರವರ ದುಡ್ಡು, ಅವರವರ ಇಷ್ಟ, ನಿಜ. ಆದರೆ ಅದನ್ನು 'ಉಳಿಸುವುದು' ಅಂತ ಕರೆದಾಗ ಸಿಟ್ಟು ಬರುತ್ತೆ. ಉಳಿದಿರುವುದು ರಟ್ಟಿನ ಡಬ್ಬಿ. ಒಳಗಿನ ಆಟ ಇನ್ನೂ ಇದೆಯೋ ಇಲ್ಲವೋ ತೆಗೆದು ನೋಡುವವರೇ ಇಲ್ಲ.

ನಮ್ಮದು ಬೇರೆ ಕತೆ. 1994. ಡಿಗ್ರಿ ಓದುತ್ತಾ ಸಂಜೆ ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದೆ. ಡಾಸ್, ವರ್ಡ್‌ಸ್ಟಾರ್, ಲೋಟಸ್ ಕಲಿಸುತ್ತಿದ್ದರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಏಳು ಕಂಪ್ಯೂಟರ್, ಕಲರ್ ಮಾನಿಟರ್ ಒಂದೇ. ಕ್ಲಾಸ್ ಮುಗಿದ ಮೇಲೆ ಅರ್ಧ ಗಂಟೆ ಆ ಕಲರ್ ಮಾನಿಟರ್ ಮುಂದೆ ನಾವೆಲ್ಲಾ ಗುಂಪು ಕೂಡುತ್ತಿದ್ದೆವು. ಒಬ್ಬರು ಆಡುವುದು, ಉಳಿದವರು ಉಸಿರು ಬಿಗಿಹಿಡಿದು ನೋಡುವುದು.

'ಪ್ರಿನ್ಸ್ ಆಫ್ ಪರ್ಷಿಯಾ' ಆಡಿದವರಿಗೆ ಆ ಕತ್ತಿ ಕಾಳಗ ಮರೆಯಲ್ಲ ಅಲ್ವಾ? ಮುಂದಕ್ಕೊಂದು ಹೆಜ್ಜೆ, ಹಿಂದಕ್ಕೊಂದು ಹೆಜ್ಜೆ. ಶಿಫ್ಟ್ ಒತ್ತಿದರೆ ಹೊಡೆತ, ಮೇಲಿನ ಬಾಣ ಒತ್ತಿದರೆ ತಡೆ. ಅಷ್ಟೇ. ಹೊಸಬರು ಸುಮ್ನೆ ಶಿಫ್ಟ್ ಕುಟ್ಟುತ್ತಾರೆ, ಕಾವಲುಗಾರ ಒಂದನ್ನು ತಡೆದು ತಿರುಗಿ ಹೊಡೆಯುತ್ತಾನೆ, ಪರದೆಯ ಕೆಳಗೆ ನಮ್ಮ ಜೀವ ತೋರಿಸುವ ಕೆಂಪು ತ್ರಿಕೋನ ಒಂದು ಹೋಯಿತು. ಸ್ವಲ್ಪ ದಿನ ಆದ ಮೇಲೆ ಕೈಗೆ ತಾಳ ಸಿಗುತ್ತೆ. ತಡೆ, ಹೊಡಿ. ತಡೆ, ಹೊಡಿ. ಸಿಪಿಯು ಡಬ್ಬದ ಒಳಗಿನ ಪುಟ್ಟ ಸ್ಪೀಕರ್‌ನಿಂದ ಕತ್ತಿಗೆ ಕತ್ತಿ ತಾಗಿದ ಸದ್ದು. ಎದುರಾಳಿಗಳು ರಾಶಿ ರಾಶಿ ಬರಲ್ಲ. ಒಬ್ಬೊಬ್ಬರೇ ಬರುತ್ತಾರೆ, ಒಬ್ಬೊಬ್ಬರನ್ನೂ ನೋಡಿಕೊಂಡು ಆಡಬೇಕು. ರಾಜಕುಮಾರಿಯನ್ನು ಬಿಡಿಸಲು ಇರುವುದು ಒಟ್ಟು 60 ನಿಮಿಷ.

ಆ ಚಲನೆ ಅಷ್ಟು ಜೀವಂತವಾಗಿ ಇರಲು ಕಾರಣ ಇದೆ. ಇದನ್ನು ಮಾಡಿದ ಜೋರ್ಡನ್ ಮೆಕ್ನರ್ 1985ರಲ್ಲಿ ತನ್ನ ತಮ್ಮ ಡೇವಿಡ್‌ಗೆ ಬಿಳಿ ಬಟ್ಟೆ ಹಾಕಿಸಿ ಓಡಿಸಿ, ಹಾರಿಸಿ ವಿಡಿಯೋ ಮಾಡಿದರು. ಆ ವಿಡಿಯೋವನ್ನು ಒಂದೊಂದೇ ಚಿತ್ರವಾಗಿ ಫೋಟೋ ತೆಗೆದು, ಮಾರ್ಕರ್ ಪೆನ್ನಿನಿಂದ ಕಪ್ಪು, ವೈಟ್ನರ್‌ನಿಂದ ಬಿಳಿ ಹಚ್ಚಿ ಆಕಾರ ಬಿಡಿಸಿ, ಝೆರಾಕ್ಸ್ ಮಾಡಿ ಕಂಪ್ಯೂಟರಿಗೆ ಇಳಿಸಿದರು. ಕತ್ತಿ ಕಾಳಗಕ್ಕೆ ಹಿಡಿದದ್ದು 1938ರ 'ರಾಬಿನ್ ಹುಡ್' ಸಿನಿಮಾ. ಕೊನೆಯ ಕಾಳಗದಲ್ಲಿ ಎರಾಲ್ ಫ್ಲಿನ್ ಮತ್ತು ಬೇಸಿಲ್ ರಾತ್‌ಬೋನ್ ಪಕ್ಕದಿಂದ ಕಾಣುವುದು ಕೆಲವೇ ಸೆಕೆಂಡು. ಆ ಕೆಲವು ಸೆಕೆಂಡೇ ನಮ್ಮ ದಾವಣಗೆರೆಯ ಮಾನಿಟರ್ ತನಕ ಬಂದಿತ್ತು.

ಮೊದಲು ಈ ಆಟದಲ್ಲಿ ಕಾಳಗವೇ ಇರಲಿಲ್ಲ. ಬರೀ ಓಟ, ನೆಗೆತ. ಆಟವನ್ನು ಮೊದಲು ಮಾಡಿದ್ದು ಆಪಲ್ 2 ಕಂಪ್ಯೂಟರಿಗೆ, ಇನ್ನೊಬ್ಬ ಮನುಷ್ಯನ ಚಿತ್ರ ತುಂಬಲು ಅದರಲ್ಲಿ ಜಾಗ ಇರಲಿಲ್ಲ. ಕಾಳಗ ಬೇಕೇ ಬೇಕು ಅಂತ ಸಹೋದ್ಯೋಗಿಯೊಬ್ಬರು ಬೆನ್ನು ಬಿದ್ದಾಗ, ಮೆಕ್ನರ್ ರಾಜಕುಮಾರನ ಚಿತ್ರವನ್ನೇ ಒಂದು ಚುಕ್ಕಿ ಪಕ್ಕಕ್ಕೆ ಸರಿಸಿ ಅದರ ಮೇಲೇ ಕೂರಿಸಿದರು. ಮಿನುಗುವ ನೆರಳು ಮನುಷ್ಯ ಹುಟ್ಟಿದ. ಕಾವಲುಗಾರರು ಬಂದಿದ್ದು ಆಮೇಲೆ. 1989ರಲ್ಲಿ ಆಟ ಹೊರಬಂತು, ಮರುವರ್ಷ ನಮ್ಮ ಕ್ಲಾಸಿನಲ್ಲಿದ್ದಂಥ ಡಾಸ್ ಕಂಪ್ಯೂಟರಿಗೆ.

ಆ ನೆರಳು 12ನೇ ಹಂತದಲ್ಲಿ ಕತ್ತಿ ಹಿಡಿದು ಎದುರು ನಿಲ್ಲುತ್ತಾನೆ. ನಾವು ಹೊಡೆದೆವು. ಅವನ ಒಂದು ತ್ರಿಕೋನ ಹೋಯಿತು, ನಮ್ಮದೂ ಒಂದು ಹೋಯಿತು. ಮತ್ತೆ ಹೊಡೆದೆವು, ಮತ್ತೆ ಹಾಗೇ. ಎರಡು ವಾರ ಅಲ್ಲೇ ಸಾಯುತ್ತಿದ್ದೆವು. ಒಂದು ಸಂಜೆ ನನ್ನ ಗೆಳತಿ ಕೆಳಗಿನ ಬಾಣ ಒತ್ತಿದಳು. ರಾಜಕುಮಾರ ಕತ್ತಿ ಒರೆಗೆ ಸೇರಿಸಿದ. ನೆರಳೂ ಕತ್ತಿ ಇಳಿಸಿದ. ಇಬ್ಬರೂ ಹತ್ತಿರ ಬಂದು ಒಂದಾಗಿಬಿಟ್ಟರು. ಇಡೀ ಕೋಣೆಯಲ್ಲಿ ಒಬ್ಬರೂ ಮಾತಾಡಲಿಲ್ಲ. ಇವತ್ತು ಬರೆಯುವಾಗಲೂ ಮೈ ಜುಮ್ ಅನ್ನುತ್ತೆ.

ಈಗ ಆ ಝೆರಾಕ್ಸ್ ಹಾಳೆ ವಿಷಯ. ಆಟದ ಶುರುವಿನಲ್ಲೇ ಒಂದು ಕೋಣೆ ಬರುತ್ತೆ. ನೆಲದ ಮೇಲೆ ಸಾಲು ಸೀಸೆಗಳು, ಒಂದೊಂದಕ್ಕೂ ಒಂದೊಂದು ಇಂಗ್ಲಿಷ್ ಅಕ್ಷರ. ಕೈಪಿಡಿಯ ಇಷ್ಟನೇ ಪುಟ, ಇಷ್ಟನೇ ಸಾಲು, ಇಷ್ಟನೇ ಪದದ ಮೊದಲ ಅಕ್ಷರ ಯಾವುದೋ ಆ ಸೀಸೆಯದ್ದೇ ಕುಡಿಯಬೇಕು. ಕೈಪಿಡಿ ಇದ್ದವರು ದುಡ್ಡು ಕೊಟ್ಟವರು, ಅದಕ್ಕೇ ಈ ಬೀಗ. ನಮ್ಮ ಹತ್ತಿರ ಎಲ್ಲಿಯ ಕೈಪಿಡಿ? ಕುಡಿದು ಸತ್ತು, ಮತ್ತೆ ಕುಡಿದು ಸತ್ತು, ಸರಿಯಾದ ಅಕ್ಷರಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆವು. ಪುಟ, ಸಾಲು, ಪದ, ಅಕ್ಷರ: ನಾಲ್ಕು ಕಾಲಂ. ಮೂರು ಬೇರೆ ಬೇರೆ ಕೈಬರಹ ಇದೆ ಅದರಲ್ಲಿ. ಅದನ್ನೇ ಝೆರಾಕ್ಸ್ ಮಾಡಿಸಿ ಎಲ್ಲರೂ ಇಟ್ಟುಕೊಂಡೆವು.

ಹೌದು, ಅದು ಕದ್ದ ಕಾಪಿ. ಮಾಡಿದವರಿಗೆ ನಮ್ಮಿಂದ ಒಂದು ಪೈಸೆ ಹೋಗಲಿಲ್ಲ. ಆ ಋಣ ನನ್ನ ಮನಸ್ಸಿನಲ್ಲಿ ಇತ್ತು. ಆರು ವರ್ಷದ ಹಿಂದೆ ಹೊರದೇಶದ ಒಬ್ಬರಿಂದ ಡಬ್ಬಿ, ಕೈಪಿಡಿ ಸಮೇತ ಒರಿಜಿನಲ್ ತರಿಸಿದೆ. ಆ ದುಡ್ಡೂ ಮೆಕ್ನರ್‌ಗೆ ಹೋಗಲ್ಲ ಅಂತ ಗೊತ್ತು. ಆದರೂ ಬೇಕಿತ್ತು. ಡಬ್ಬಿಯ ಒಂದು ಮೂಲೆ ಜಜ್ಜಿತ್ತು, ಅಂಕ ಕೊಡುವವರು ನೋಡಿದರೆ ಮೂಗು ಮುರಿಯುತ್ತಾರೆ. ಬಂದ ದಿನವೇ ಕೈಪಿಡಿ ತೆರೆದು ಆ ಕೋಣೆಗೆ ಹೋದೆ. ಬೆರಳಿಟ್ಟು ಸಾಲು ಎಣಿಸಿ, ಪದ ಎಣಿಸಿ, ಸರಿಯಾದ ಸೀಸೆ ಕುಡಿದೆ. ಕಣ್ಣಲ್ಲಿ ನೀರು ಬಂತು.

ಹೋದ ತಿಂಗಳಿಗೆ ವಾಪಸ್ ಬರುತ್ತೇನೆ. ಬೆಂಗಳೂರಿಗೆ ಬಂದು ಯುಎಸ್‌ಬಿ ಫ್ಲಾಪಿ ಡ್ರೈವ್‌ಗೆ ನನ್ನ ಫ್ಲಾಪಿ ಹಾಕಿದೆ. ಕರ್ ಕರ್ ಅಂತ ಸದ್ದು. ಅರ್ಧ ಓದಿ ನಿಂತಿತು. ಮತ್ತೆ ಮತ್ತೆ ಹಾಕಿದೆ. ಇಲ್ಲ. 'ಅಳಿಸಬಾರದು' ಅಂತ ಬರೆದು ಇಷ್ಟು ವರ್ಷ ಕೈಯೇ ಹಚ್ಚದೆ ಇಟ್ಟಿದ್ದೆ, ತಾನಾಗಿಯೇ ಅಳಿಸಿಹೋಗಿತ್ತು.

ಆ ಗೆಳತಿಗೆ ಫೋನ್ ಮಾಡಿದೆ. ಅವಳು ಈಗ ಶಿವಮೊಗ್ಗದಲ್ಲಿದ್ದಾಳೆ. ನನ್ನ ಫ್ಲಾಪಿಯಿಂದಲೇ ಅವಳು ಕಾಪಿ ಮಾಡಿಕೊಂಡಿದ್ದಳು. ಅಲ್ಲಿಂದ ಹಾರ್ಡ್ ಡಿಸ್ಕ್, ಆಮೇಲೆ ಸಿಡಿ, ಆಮೇಲೆ ಪೆನ್‌ಡ್ರೈವ್. "ಇದೆ ಕಣೇ, ಮಗ ಆಡ್ತಾನೆ" ಅಂದಳು. ಅರ್ಧ ಗಂಟೆಯಲ್ಲಿ ಮೇಲ್ ಬಂತು. ನಮ್ಮದೇ ಪ್ರಿನ್ಸ್.

ಮೆಕ್ನರ್‌ಗೂ ಹೀಗೇ ಆಗಿತ್ತು. ಆಪಲ್ 2ರ ಮೂಲ ಕೋಡ್, ಅಂದರೆ ಆಟಕ್ಕೆ ಅವರು ಬರೆದ ಪ್ರೋಗ್ರಾಂ, ಕಳೆದೇಹೋಯಿತು ಅಂದುಕೊಂಡಿದ್ದರು. 2012ರಲ್ಲಿ ಅವರ ತಂದೆಗೆ ಮನೆಯಲ್ಲಿ ಹಳೇ ಫ್ಲಾಪಿಗಳ ಡಬ್ಬ ಸಿಕ್ಕಿತು. ಹಳೇ ಸಾಫ್ಟ್‌ವೇರ್ ಉಳಿಸುವ ಜೇಸನ್ ಸ್ಕಾಟ್, ಟೋನಿ ಡಯಾಜ್ ಬಂದು ಕೂತು ಒಂದೊಂದಾಗಿ ಓದಿಸಿದರು. ಮೆಕ್ನರ್ ಅದನ್ನು ಡಬ್ಬಿಯಲ್ಲಿ ಮುಚ್ಚಿಡಲಿಲ್ಲ, ಕೋಡ್ ಹಂಚಿಕೊಳ್ಳುವ ವೆಬ್‌ಸೈಟ್ ಗಿಟ್‌ಹಬ್‌ಗೆ ಹಾಕಿದರು, ಯಾರು ಬೇಕಾದರೂ ಓದಲಿ ಅಂತ. ಸಂಗ್ರಹ ಅಂದರೆ ನನಗೆ ಇದು.

ಹಾಗಾಗಿ ಅಣ್ಣನ ಮಗನಿಗೆ ನಾನು ಹೇಳಿದ್ದು ತಪ್ಪು. ಫ್ಲಾಪಿಗೆ ಬೆಲೆ ಇಲ್ಲದಿರಬಹುದು, ಆ ಝೆರಾಕ್ಸ್ ಹಾಳೆಯನ್ನು ನಾನು ಎಷ್ಟು ಕೊಟ್ಟರೂ ಕೊಡಲ್ಲ. ಸ್ಕ್ಯಾನ್ ಮಾಡಿ ಕೆಳಗೆ ಹಾಕಿದ್ದೇನೆ, ಬೇಕಾದವರು ತೆಗೆದುಕೊಳ್ಳಿ. ಮಡಿಕೆ ಬಿದ್ದ ಕಡೆ ನಾಲ್ಕು ಸಾಲು ಅಳಿಸಿದೆ. ಕೈಪಿಡಿ ನೋಡಿ ತುಂಬಿಸಬಹುದು, ಆದರೆ ನನಗೆ ನಮ್ಮವರು ಬರೆದ ಅಕ್ಷರವೇ ಬೇಕು. ಆ ಕ್ಲಾಸಿನವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ಝೆರಾಕ್ಸ್ ಇನ್ನೂ ಇದೆಯಾ ನೋಡಿ.

ಮತ್ತೆ, ಮನೆಯಲ್ಲಿ ಹಳೇ ಫ್ಲಾಪಿ ಇದ್ದವರು ದಯವಿಟ್ಟು ಎಸೆಯಬೇಡಿ. ಮೂರೂವರೆ ಇಂಚಿನದಾದರೆ ಹಿಂದಿನ ಮೂಲೆಯ ಪುಟ್ಟ ಗುಂಡಿಯನ್ನು ಸರಿಸಿ ತೂತು ಕಾಣುವ ಹಾಗೆ ಇಡಿ, ಆಗ ಅದರ ಮೇಲೆ ಏನೂ ಬರೆಯಲು ಆಗಲ್ಲ. ಬೂಸ್ಟು ಹಿಡಿದಿದ್ದರೆ ಡ್ರೈವ್‌ಗೆ ಹಾಕಲೇಬೇಡಿ. ಮೂರೂವರೆ ಇಂಚಿನದಾದರೆ ನನ್ನ ಡ್ರೈವ್‌ನಲ್ಲಿ ಓದಿಸಿ ಕೊಡುತ್ತೇನೆ, ದುಡ್ಡೇನೂ ಬೇಡ. ದೊಡ್ಡದು, ಐದೂಕಾಲು ಇಂಚಿನದು ಓದಿಸುವ ಡ್ರೈವ್ ಯಾರ ಹತ್ತಿರ ಇದೆ? ಇದ್ದರೆ ತಿಳಿಸಿ.